ನೋವಿಲ್ಲದ ಬೆಳಗು

ಬಾಣಲೆಯಲ್ಲಿ ಕಲ್ಲುಪ್ಪು ಹುರಿದರೆ ಚಟಪಟ ಸದ್ದಿನ ಜೊತೆ ಒಂದು ಒಣ ವಾಸನೆ ಏಳುತ್ತದೆ. ಮೊನ್ನೆ ನಮ್ಮ ಯಜಮಾನರ ಸೊಂಟ ಹಿಡಿದುಕೊಂಡಿತ್ತು. ಶಾಖಕ್ಕೆಂದು ಬಿಸಿ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದಾಗ ಹಲಸೂರಿನ ನಮ್ಮ ಹಳೇ ಮನೆಯ ಮಹಡಿ ಅಕ್ಕ ನೆನಪಾದರು…

ಅಕ್ಕ ಚಾಮರಾಜನಗರದ ಕಾಡಂಚಿನ ಕಡೆಯವರು. ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದು, ಇಂದಿರಾನಗರದ ಒಂದು ಶಿಶುವಿಹಾರದಲ್ಲಿ ಟೀಚರ್ ಆಗಿದ್ದರು. ಬೇಸಿಗೆಯಲ್ಲೂ ಸ್ವೆಟರ್ ಬಿಡುತ್ತಿರಲಿಲ್ಲ. ಕಣ್ಣು ಸದಾ ಹಳದಿ. ನನ್ನಮ್ಮನಿಗೋ ಬಿಟ್ಟಿ ವೈದ್ಯದ ಚಟ. ಕಾಮಾಲೆಯೇ ಸರಿ ಎಂದು ತೀರ್ಮಾನಿಸಿ, ಮಜ್ಜಿಗೆ ಕುಡಿಸಿ, ತಣ್ಣೀರು ಸ್ನಾನ ಮಾಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಮೊಣಕಾಲು ಅವುಚಿಕೊಂಡು ನರಳುತ್ತಿದ್ದರು. ಅಮ್ಮ ಓಡಿಹೋಗಿ ಬಾಣಲೆಗೆ ಉಪ್ಪು ಸುರಿದಳು.

ಉಪ್ಪಿನ ಶಾಖ ಕೊಡುವಾಗ ಅಕ್ಕ ಮೆಲ್ಲಗೆ ಹೇಳಿದರು: "ಕಾಮಾಲೆ ಅಲ್ಲ ಆಂಟಿ, ಸಿಕಲ್ ಸೆಲ್. ಹುಟ್ಟಿದಾಗಿಂದ ಇದೆ. ನನ್ ರಕ್ತಕಣ ಕುಡುಗೋಲಿನ ಥರ ಬಾಗ್ಬಿಡುತ್ತೆ, ನಾಳದ ಗೋಡೆಗೆ ಅಂಟ್ಕೊಳ್ಳುತ್ತೆ. ಚಳಿ ಆದ್ರೆ ನಾಳನೂ ಬಿಗಿಯುತ್ತೆ. ಆಮೇಲೆ ರಕ್ತ ಹೋಗಕ್ಕೆ ದಾರಿನೇ ಇರಲ್ಲ."

"ಅಯ್ಯೋ, ರಕ್ತ ಕಮ್ಮಿ ಇರ್ಬೇಕು, ಬೀಟ್ರೂಟ್ ಪಲ್ಯ ಮಾಡ್ಕೊಡೋಣ ಅಂತಿದ್ನಲ್ಲಮ್ಮ."

"ಪಲ್ಯ ಮಾಡಿ ಆಂಟಿ, ಬೇಡ ಅನ್ನಲ್ಲ."

ನಮ್ಮ ರಕ್ತನಾಳಗಳು ಬೇಕಾದಾಗ ಹಿಗ್ಗುತ್ತವೆ. ಅಕ್ಕನ ಕಣಗಳು ಬೇಗ ಒಡೆಯುತ್ತಿದ್ದವಂತೆ, ಕಣ್ಣು ಹಳದಿಯಾಗಿದ್ದೂ ಅದಕ್ಕೇ; ಒಡೆದ ಕಣಗಳಿಂದ ರಕ್ತಕ್ಕೆ ಸೇರಿದ್ದು ನಾಳ ಹಿಗ್ಗುವುದಕ್ಕೇ ಅಡ್ಡಿಯಾಗುತ್ತಿತ್ತಂತೆ. ಹೀಗೇ ಆಗಿ ಆಗಿ ನಾಳದ ಒಳಗೋಡೆಯೇ ಕೆಡುತ್ತದಂತೆ. ತಲೆಯ ನಾಳಗಳೂ ಕಿರಿದಾಗಿರಬಹುದು, ಬೇಗ ಸ್ಕ್ಯಾನ್ ಮಾಡಿಸಿ ಎಂದಿದ್ದರು ಡಾಕ್ಟರು. ಅಕ್ಕ ಮಾತ್ರ ಶಾಲೆಯ ವಾರ್ಷಿಕೋತ್ಸವ ಮುಗಿಯಲಿ ಎಂದು ಮುಂದೂಡಿದರು. ತಮ್ಮ ಪುಟಾಣಿಗಳ ಕೋಳಿಮರಿ ಕುಣಿತವನ್ನು ತಾವೇ ಎದುರಿಗೆ ನಿಂತು ಆಡಿಸಬೇಕೆಂಬ ಹಟ. ಅಲ್ಲಿಯವರೆಗೆ ನೋವು ಬಾರದಿರಲಿ ಎಂದು ಅಮ್ಮ ಹರಕೆ ಹೊತ್ತಳು.

ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಅಕ್ಕ ಹೊಸ ಸೀರೆಯುಟ್ಟು ಮಹಡಿಯಿಂದ ಇಳಿದು ಬಂದರು. "ಇವತ್ತು ನೋವೇ ಇಲ್ಲ ಆಂಟಿ" ಎಂದರು. ಮಾತು ಕೊಂಚ ತೊದಲಿತು. ಸಂತೋಷಕ್ಕಿರಬೇಕು ಎಂದುಕೊಂಡೆವು. ಅಮ್ಮ ಕಾಫಿ ಕೊಟ್ಟಳು. ಒಂದು ಗುಟುಕು ಕುಡಿದರೋ ಇಲ್ಲವೋ, ಕಾಫಿ ತುಟಿಯ ಅಂಚಿನಿಂದ ಸೀರೆಯ ಮೇಲೆ ಇಳಿಯಿತು. ಅವರಿಗೆ ಅದು ಗೊತ್ತೇ ಆಗಲಿಲ್ಲ. ನಮ್ಮನ್ನು ನೋಡಿ ನಕ್ಕರು… ಅರ್ಧ ಮುಖ ಮಾತ್ರ ನಕ್ಕಿತು.

ಮೆದುಳಿನ ನಾಳವೇ ಕಟ್ಟಿಹೋಗಿತ್ತು. ಆಸ್ಪತ್ರೆಯಲ್ಲಿ ಅಕ್ಕ ಮತ್ತೆ ಮಾತಾಡಲಿಲ್ಲ. ಆ ವಾರವೇ ಹೋಗಿಬಿಟ್ಟರು. ನೋವಿನಿಂದಲೇ ಆ ಕಾಯಿಲೆಯ ಗುರುತು ಹಿಡಿದಿದ್ದ ನಾವು, ನೋವಿಲ್ಲವೆಂದ ಬೆಳಿಗ್ಗೆ ಹಿಗ್ಗಿದ್ದೆವು.

ಆಗಿನ ಅಕ್ಕನಿಗಿಂತ ಈಗ ನನಗೇ ಹೆಚ್ಚು ವಯಸ್ಸು. ಆದರೂ ಅವರಿಲ್ಲವಲ್ಲ ಎಂಬ ಸಂಕಟ ಹಳೆಯದಾಗಿಲ್ಲ. ಮನೆಯಲ್ಲಿ ಯಾರಾದರೂ ನೋವೇನೂ ಇಲ್ಲ, ಆರಾಮಾಗಿದ್ದೀನಿ ಅಂದರೆ ಉಳಿದವರಿಗೆಲ್ಲ ಸಮಾಧಾನ. ನಾನು ಮಾತ್ರ ಹತ್ತಿರ ಹೋಗಿ, "ಎಲ್ಲಿ, ಒಂದ್ಸಲ ನಗಿ ನೋಡೋಣ" ಅನ್ನುತ್ತೇನೆ. ತಮಾಷೆಯೆಂದುಕೊಂಡು ನಗುತ್ತಾರೆ. ಮುಖದ ಎರಡೂ ಕಡೆ ನಗು ಕಾಣುವವರೆಗೆ ನನಗೆ ಜೀವದಲ್ಲಿ ಜೀವ ಇರುವುದಿಲ್ಲ.