ಆಯಿ ಬೇಡಿದ ಕ್ಷಮೆ

ಡಾಂಬರ ಗುಳಿಗೆಯ ವಾಸನೆ ಬಂದರೆ ನನಗೆ ಈಗಲೂ ರವಿವಾರ ಅನ್ನಿಸುತ್ತದೆ. ಜೇವರ್ಗಿಯ ನಮ್ಮ ಮನೆಯಲ್ಲಿ ಆಯಿಯ, ಅಂದರೆ ನನ್ನ ಅಜ್ಜಿಯ, ಬಿಳಿ ಸೀರೆ ವಾರವೆಲ್ಲ ತಗಡಿನ ಟ್ರಂಕಿನೊಳಗೆ ಆ ಗುಳಿಗೆಗಳ ಜೊತೆ ಮಲಗಿದ್ದು, ರವಿವಾರ ಮುಂಜಾನೆ ಮಾತ್ರ ಹೊರಗೆ ಬರುತ್ತಿತ್ತು. ಅದರ ಸೆರಗು ಹಿಡಿದು ಚರ್ಚಿನ ಚಾಪೆಯ ಮೇಲೆ ಕೂತ ನಾನು, ಆಯಿಯ ಪ್ರಾರ್ಥನೆ ಇವತ್ತು ಯಾರ ಮನೆ ಹೊಗುತ್ತದೋ ಎಂದು ಕಾಯುತ್ತಿದ್ದೆ. ನಮ್ಮ ಆಯಿ ರೂತಮ್ಮ ತನಗಾಗಿ ದೇವರ ಹತ್ತಿರ ಏನನ್ನೂ ಬೇಡಿದವಳಲ್ಲ. ಬೇಡಿದ್ದೆಲ್ಲ ಮಂದಿಗೆ, ಅದೂ ಕ್ಷಮೆಯನ್ನೇ. ಪಾದ್ರಿಗಳು, ಪ್ರಾರ್ಥಿಸುವವರು ಪ್ರಾರ್ಥಿಸಬಹುದು ಅಂದದ್ದೇ ತಡ, ಎದ್ದು ನಿಂತು, ಅತ್ತೆಗೆ ಎದುರು ಮಾತಾಡಿದ ಸೊಸೆಯನ್ನೂ ಪಾದ್ರಿಗಳ ಪ್ರಸಂಗದ ಹೊತ್ತಿಗೆ ಗೊರಕೆ ಹೊಡೆದ ಹಿರಿಯರನ್ನೂ ಹೆಸರು ಹಿಡಿದು, ಕ್ಷಮಿಸಪ್ಪಾ ಅನ್ನುತ್ತಿದ್ದಳು. ಎಲ್ಲರ ಕಣ್ಣು ಮುಚ್ಚಿರುತ್ತಿದ್ದವು, ಕಿವಿ ತೆರೆದಿರುತ್ತಿದ್ದವು. ನಿಮ್ಮ ಓಣಿಯಲ್ಲೂ ಇಂಥವಳೊಬ್ಬಳು ಇದ್ದಿರಬಹುದು. ಒಮ್ಮೆ ಪಾದ್ರಿಗಳು, ಕೋಣೆಯ ಬಾಗಿಲು ಹಾಕಿಕೊಂಡು ಪ್ರಾರ್ಥಿಸಿರೆಂದು ಯೇಸುಸ್ವಾಮಿಯೇ ಹೇಳಿದ್ದಾನೆಂದು ನಯವಾಗಿ ತಿಳಿಸಿದರು. ಆಯಿ ಅವತ್ತು ರಾತ್ರಿ ಹಾಗೆಯೇ ಮಾಡಿದಳು. ಮರುದಿನ ಪಕ್ಕದ ಮನೆಯ ಖಾಜಾಬಿ ಬಂದು, ಆ ಗೊರಕೆಯವರು ಯಾರು ಎಂದು ವಿಚಾರಿಸಿದಳು.

ಒಂದು ಬೇಸಿಗೆ ನಮ್ಮ ಕರಿ ಕೋಳಿ ಕಾಣೆಯಾಯಿತು. ಅದೇ ದಿನ ಮಾರ್ತಮ್ಮನ ಮನೆಯಿಂದ ಮಸಾಲೆಯ ವಾಸನೆ ಬಂತು. ಮಾರ್ತಮ್ಮ ಚರ್ಚಿನ ಕಸ ಹೊಡೆಯುತ್ತಿದ್ದ ವಿಧವೆ, ಆಯಿಯ ಹಳೆಯ ಗೆಳತಿ. ಅವತ್ತು ಕೊಳಕೂರದಿಂದ ಅವಳ ತಮ್ಮ ಬಂದಿದ್ದ. ಮುಂದಿನ ರವಿವಾರ ಆಯಿ ಮೊದಲ ಸಲ ಹೆಸರು ಹೇಳದೆ ಪ್ರಾರ್ಥಿಸಿದಳು. ದೇವರ ಆಲಯದ ಕಸ ಹೊಡೆಯುವ ಕೈಯಿಂದಲೇ ಮಂದಿಯ ಕೋಳಿ ಕೊಯ್ದವಳನ್ನು ಕ್ಷಮಿಸು ಅಂದಳು, ಅಷ್ಟೇ. ಮಾರ್ತಮ್ಮ ಹಾಡಿನ ಪುಸ್ತಕ ಮಡಚಿಟ್ಟು ಎದ್ದುಹೋದಳು. ಮತ್ತೆ ಚರ್ಚಿಗೆ ಬರಲಿಲ್ಲ.

ಕೆಲವು ವಾರ ಕಳೆದ ಮೇಲೆ ಖಾಜಾಬಿ ಗೋಡೆಯಾಚೆಯಿಂದ ಕರೆದಳು. "ರೂತಮ್ಮಾ, ನಿಮ್ ಕೋಳಿ ನಮ್ ಬಣವ್ಯಾಗ ಸಂಸಾರ ಹೂಡ್ಯದ, ನೋಡ್ ಬರ್ರಿ." ಜೋಳದ ಒಣ ಕಣಿಕಿಯ ಮೇವು ಒಟ್ಟಿದ ಬಣವಿಯಿಂದ ಕರಿ ಕೋಳಿ ಗೌಡತಿಯ ಹಾಗೆ ಇಳಿದು ಬಂತು, ಹಿಂದೆ ಮರಿಗಳ ಮೆರವಣಿಗೆ. ನಾನು ಕುಣಿದಾಡಿದೆ. ಆಯಿ ಕೋಳಿಯನ್ನೂ ಹಿಡಿಯದೆ ಸೀದಾ ಮನೆಯೊಳಗೆ ನಡೆದಳು.

ಅವತ್ತು ಅವಳು ಬಾಗಿಲು ಹಾಕಿಕೊಂಡು ಮಾಡಿದ ಪ್ರಾರ್ಥನೆ ಖಾಜಾಬಿಗೂ ಕೇಳಿಸಲಿಲ್ಲ. ರೊಟ್ಟಿ ಮುಟ್ಟಲಿಲ್ಲ. ಪಾದ್ರಿಗಳನ್ನು ಕರೆಸಿ, ದೇವರು ಕ್ಷಮಿಸುತ್ತಾನೋ ಇಲ್ಲವೋ ಎಂದು ಕೇಳಿದಳು. ಖಂಡಿತ ಕ್ಷಮಿಸುತ್ತಾನೆ, ಆದರೆ ಮೊದಲು ಮಾರ್ತಮ್ಮನ ಮನೆಗೆ ಹೋಗಿ ಬರ್ರಿ ಎಂದರು ಅವರು. ದೇವರೇ ಕ್ಷಮಿಸಿಬಿಟ್ಟ ಮೇಲೆ ನಡುವೆ ಮಾರ್ತಮ್ಮ ಯಾಕೆ ಎಂದು ಆಯಿ ವಾದಿಸಿ ನೋಡಿದಳು. ಪಾದ್ರಿಗಳು ಸೋಲಲಿಲ್ಲ. ಕರ್ತನ ಭೋಜನದ ರವಿವಾರ ಎಲ್ಲರೂ ರೊಟ್ಟಿಗೆ, ದ್ರಾಕ್ಷಾರಸಕ್ಕೆ ಮುಂದೆ ಹೋದಾಗ ಅವಳು ಮುಖ ಸೆರಗಿನಲ್ಲಿ ಮುಚ್ಚಿಕೊಂಡು ಕೂತೇ ಇದ್ದಳು. ಆಮೇಲೆ ನನ್ನ ಕೈ ಹಿಡಿದು ಹೊರಗೆ ನಡೆದಳು.

ಮಾರ್ತಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಊರಿಗೆಲ್ಲ ಕ್ಷಮೆ ಬೇಡಿದ ಆಯಿ ಅಂಗಳದ ಅಂಚಿನಲ್ಲೇ ಸೆರಗು ಸರಿಮಾಡಿಕೊಳ್ಳುತ್ತ ನಿಂತಳು. ಕೊನೆಗೆ, "ಕೋಳಿ ಸಿಕ್ತು ಬೇ" ಅಂದಳು.

"ಗೊತ್ತದ. ಖಾಜಾಬಿ ಹೇಳ್ಯಾಳ."

"ತಪ್ಪಾಯ್ತು, ಮಾರ್ತಾ. ನನಗ ಕ್ಷಮಾ ಮಾಡು."

ಮಾರ್ತಮ್ಮ ಮೊರ ಕೆಳಗಿಟ್ಟಳು. "ನನ್ನ ಸಲುವಾಗಿ ಎಲ್ಲಾರ ಮುಂದ ನೀ ದೇವ್ರಿಗಿ ಕ್ಷಮಾ ಕೇಳಿದ್ದಿ. ನಾ ಏನೂ ಮಾಡಿದ್ದಿಲ್ಲ, ಆ ಕ್ಷಮಾ ಖರ್ಚಾಗದ ಹಂಗೇ ಬಿದ್ದದ. ಅದನ್ನೇ ನೀ ತಗೋ."

ಆಯಿ ಅವಳೆದುರಿಗೆ ಬಂದಳು. ಕೂತು, ಮೊರ ತನ್ನತ್ತ ಎಳೆದುಕೊಂಡು ಹರಳು ಆರಿಸತೊಡಗಿದಳು. ಕಣ್ಣು ತುಂಬಿದ್ದರಿಂದ ಹರಳು ಬಿಟ್ಟು ಜೋಳವನ್ನೇ ಎಸೆಯುತ್ತಿದ್ದಳು. ಮಾರ್ತಮ್ಮ ಅದನ್ನೆಲ್ಲ ಹೆಕ್ಕಿ ಮೊರಕ್ಕೆ ಹಾಕುತ್ತಿದ್ದಳು. ಮುಂದಿನ ರವಿವಾರ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತರು. ಆಯಿ ಎದ್ದು, ರೂತಮ್ಮನನ್ನು ಕ್ಷಮಿಸು ಸ್ವಾಮಿ ಎಂದಾಗ, ಯಾವ ರೂತಮ್ಮ ಎಂದು ಸಭೆಯೆಲ್ಲ ಕಣ್ಣು ಬಿಟ್ಟಿತು.

ಆ ಮನೆ ಈಗ ಇಲ್ಲ, ರಸ್ತೆ ಅಗಲವಾದಾಗ ಹೋಯಿತು. ಖಾಜಾಬಿಯ ಗೋಡೆಯೂ ಹೋಯಿತು. ಆಯಿಯ ಕೊನೆಯ ಮಳೆಗಾಲದಲ್ಲಿ ಅವಳ ದನಿ ಪೂರ್ತಿ ಇಳಿದಿತ್ತು. ಮಾರ್ತಮ್ಮ ದಿನಾ ಬಂದು ಹಾಸಿಗೆಯ ಪಕ್ಕ ಕೂತು ಪ್ರಾರ್ಥಿಸುವಳು. ತಡವರಿಸಿದರೆ ಆಯಿ ಕಣ್ಣು ಮುಚ್ಚಿಕೊಂಡೇ ತುಟಿ ಆಡಿಸಿ ತಿದ್ದುವಳು. ಒಂದು ಮುಂಜಾನೆ ಮಾರ್ತಮ್ಮ ತಡವರಿಸಿದಳು, ಆಯಿ ತಿದ್ದಲಿಲ್ಲ. ಮಾರ್ತಮ್ಮ ಅವಳ ಕೈ ಹಿಡಿದುಕೊಂಡು, ನಡುವೆ ಎಲ್ಲೂ ನಿಲ್ಲಿಸದೆ, ಆಮೆನ್‌ವರೆಗೂ ಹೇಳಿ ಮುಗಿಸಿದಳು.