ಎರಡನೇ ಮರಿ

ಬೆಳಗಿನ ಐದೂವರೆ. ಕುರಿದೊಡ್ಡಿಯ ಮೂಲೆಯಲ್ಲಿ ಮರದ ತಡಿಕೆ ಕಟ್ಟಿ ಮಾಡಿದ ಪುಟ್ಟ ಗೂಡು. ಅದರೊಳಗೆ ನನ್ನ ಅತ್ತಿಗೆ ಮಂಡಿಯೂರಿ ಕೂತಿದ್ದಾರೆ. ಭುಜದಿಂದ ತಾಯಿಕುರಿಯನ್ನು ಗೋಡೆಗೆ ಒತ್ತಿ ಹಿಡಿದು, ಬಲಗೈಯಲ್ಲಿ ಮರಿಯ ಬಾಯಿಗೆ ಮೊಲೆ ಸಿಕ್ಕಿಸುತ್ತಿದ್ದಾರೆ. ಮರಿ ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ಕುರಿ ಒದೆಯುತ್ತದೆ. ಒದೆ ಬೀಳುವುದು ಅತ್ತಿಗೆಯ ಮೊಣಕೈಗೆ.

"ಒದಿ, ಒದಿ. ನನ್ನ ಕೈ ಏನು ನಿಮ್ಮಪ್ಪನ ಆಸ್ತೀನಾ?" ಎನ್ನುತ್ತಾರೆ, ದನಿ ಎತ್ತದೆ.

ಹುಟ್ಟಿದ್ದು ಅವಳಿ. ಮೊದಲನೆಯದನ್ನು ನೆಕ್ಕಿ ನೆಕ್ಕಿ ಒಣಗಿಸಿದ ಕುರಿ, ಎರಡನೆಯದನ್ನು ಮೂಸಿ ದೂರ ತಳ್ಳಿಬಿಟ್ಟಿದೆ. ಮೂರು ದಿನದಿಂದ ಮೂರು ಗಂಟೆಗೊಮ್ಮೆ ಇದೇ ಕುಸ್ತಿ. "ಇವತ್ತೂ ಸೇರಿಸ್ಕೊಳ್ಳಲಿಲ್ಲ ಅಂದ್ರೆ ಬಾಟಲಿನೇ ಗತಿ," ಎನ್ನುವಾಗ ಅವರ ಮುಖ ಸಣ್ಣದಾಗುತ್ತದೆ.

ನಾನು ಹುಟ್ಟಿ ಬೆಳೆದ ಮನೆ ಇದು; ಈಗ ನಾನಿರುವುದು ಪಟ್ಟಣದಲ್ಲಿ, ಪತ್ರಿಕೆಯೊಂದಕ್ಕೆ ಬರೆಯುತ್ತಾ. ಗೇಟಿನ ಬೋರ್ಡಿನಲ್ಲಿ ಮೊದಲು ಅಪ್ಪನ ಹೆಸರಿತ್ತು, ಈಗ ಅಣ್ಣನದು. ಅಣ್ಣ ಮೇವು, ಉಣ್ಣೆ ಮಾರಾಟ ನೋಡಿಕೊಳ್ಳುತ್ತಾನೆ. ನೂರಾ ಇಪ್ಪತ್ತು ಕುರಿಗಳ ಹೆರಿಗೆ ನೋಡುವುದು, ಗೊರಸು ಕತ್ತರಿಸುವುದು, ಗಾಯಕ್ಕೆ ಮದ್ದು ಹಚ್ಚುವುದು ಮೂವತ್ತೊಂದು ವರ್ಷದಿಂದ ಅತ್ತಿಗೆಯ ಪಾಲು. ಯಾರಾದರೂ ಕೇಳಿದರೆ ನಾವೆಲ್ಲ, ನಾನೂ ಸೇರಿ, "ಅತ್ತಿಗೆ ಮನೇಲೇ ಇರ್ತಾರೆ" ಎಂದೇ ಹೇಳುತ್ತಾ ಬಂದಿದ್ದೇವೆ.

"ನಾನು ಬಾಟಲಿ ಕೊಡ್ತೀನಿ ಬಿಡಿ ಅತ್ತಿಗೆ. ಚಿಕ್ಕವಳಿದ್ದಾಗ ಒಂದನ್ನ ಸಾಕಿರಲಿಲ್ವಾ?"

"ಸಾಕಿದ್ದೆ. ಅದು ನಿನ್ನನ್ನೇ ಕುರಿ ಅಂದ್ಕೊಂಡಿತ್ತು."

ನಿಜ. ನನ್ನ ಬಾಟಲಿಮರಿ ಅಡುಗೆಮನೆ ಬಾಗಿಲಲ್ಲೇ ಬೆಳೆಯಿತು. ಹಿಂಡಿಗೆ ಬಿಟ್ಟರೆ ಹೆದರಿ ಓಡಿಬರುತ್ತಿತ್ತು. ನಾನು ಓದಲು ಹಾಸ್ಟೆಲ್ ಸೇರಿದ ಮೇಲೂ ತಿಂಗಳುಗಟ್ಟಲೆ ಅಲ್ಲೇ ನಿಂತಿರುತ್ತಿತ್ತಂತೆ. "ನಾನೂ ಆಗ ಈ ಮನೆಗೆ ಹೊಸಬಳು. ಇಬ್ರೂ ಆ ಬಾಗಿಲಲ್ಲೇ ನಿಂತ್ಕೋತಿದ್ವಿ," ಎಂದು ಅತ್ತಿಗೆ ನಗುತ್ತಾರೆ.

ಮದುವೆಯಾಗಿ ಬಂದಾಗ ಅವರಿಗೆ ಇಪ್ಪತ್ತೊಂದು. ಟೈಲರ್ ಮಗಳು, ಕುರಿ ಮುಟ್ಟಿ ಗೊತ್ತಿಲ್ಲ. ಅಮ್ಮ ಆರು ತಿಂಗಳು ಅವರನ್ನು ದೊಡ್ಡಿಯೊಳಗೆ ಬಿಟ್ಟಿರಲಿಲ್ಲ. ಆ ಸಂಗತಿ ನನಗೆ ಇವತ್ತೇ ಗೊತ್ತಾಗುತ್ತಿರುವುದು.

"ಒಂದಿನ ಉಣ್ಣೆ ವ್ಯಾಪಾರಿ ಬಂದಿದ್ದ. ಸೂಜಿ ಹಿಡಿಯೋ ಕೈಗೆ ಕುರಿ ಎಲ್ಲಿ ಒಲಿಯುತ್ತೆ ಅಂತ ನಕ್ಕ. ಅತ್ತೆ ಬಂದು ನನ್ನ ಮುಂದೆ ನಿಂತ್ರು. 'ನಮ್ಮ ಹುಡುಗಿ ವಿಷ್ಯ ನಿಂಗ್ಯಾಕೆ, ತೂಕ ನೋಡು' ಅಂದ್ರು. ಅಲ್ಲೀತನಕ ಅವರು ಒಂದ್ಸಲನೂ ನಮ್ಮ ಹುಡುಗಿ ಅಂದಿರಲಿಲ್ಲ. ಮಾರನೇ ದಿನ ದೊಡ್ಡಿ ಕೀಲಿ ಕೊಟ್ರು."

ಅಷ್ಟು ಹೇಳಿ ಎದ್ದವರು ಬಾಗಿಲಾಚೆ ಮಲಗಿದ್ದ ಮುದಿನಾಯಿಯನ್ನು ಎಬ್ಬಿಸುತ್ತಾರೆ. ಅದರ ಹೆಸರು ಸಾಹೇಬ. ಬಾಯಲ್ಲಿ ಹಲ್ಲಿಲ್ಲ, ಗತ್ತಿಗೇನೂ ಕಡಿಮೆಯಿಲ್ಲ. "ನಾಯಿ ಕಂಡ್ರೆ ಕೆಲವು ಕುರಿಗೆ ಮರಿ ತನ್ನದು ಅನ್ನೋದು ನೆನಪಾಗುತ್ತೆ. ಆಗಲೂಬಹುದು, ಆಗದೇನೂ ಇರಬಹುದು," ಎನ್ನುತ್ತಾ ಕೊರಳಪಟ್ಟಿ ಹಿಡಿದು ತಡಿಕೆಯ ಹತ್ತಿರ ತರುತ್ತಾರೆ.

ಕುರಿ ತಲೆ ಎತ್ತಿ ಮುಂಗಾಲು ನೆಲಕ್ಕೆ ಅಪ್ಪಳಿಸುತ್ತದೆ. ಮೊದಲ ಮರಿ ಓಡಿ ಅದರ ಹಿಂದೆ ಸೇರುತ್ತದೆ. ಎರಡನೆಯದಕ್ಕೆ ಭಯವೆಂದರೇನೆಂದೇ ಗೊತ್ತಿಲ್ಲ; ತಟ್ಟಾಡುತ್ತಾ ಸಾಹೇಬನ ಮೂತಿಯತ್ತ ಹೊರಡುತ್ತದೆ. ಅತ್ತಿಗೆ ಅಲುಗುವುದಿಲ್ಲ. ನಾನು ಕೈ ಚಾಚಿದರೆ ಕಣ್ಣಲ್ಲೇ ತಡೆಯುತ್ತಾರೆ.

ಕುರಿ ಒಂದೇ ಹೆಜ್ಜೆಗೆ ಮರಿಗೂ ನಾಯಿಗೂ ನಡುವೆ ಬಂದು ತಡಿಕೆಗೆ ಗುಮ್ಮುತ್ತದೆ. ಸಾಹೇಬ ಆಕಳಿಸಿ ಕೂರುತ್ತಾನೆ.

ಕುರಿ ಆಮೇಲೆ ನಿಧಾನಕ್ಕೆ ತಿರುಗಿ ಎರಡನೇ ಮರಿಯನ್ನು ತಲೆಯಿಂದ ಬಾಲದವರೆಗೆ ಮೂಸುತ್ತದೆ. ಗಂಟಲೊಳಗೆ ಗುರುಗುರು ಸದ್ದು. ತನ್ನ ಮರಿಯ ಜೊತೆ ಬಿಟ್ಟರೆ ಕುರಿ ಆ ಸದ್ದು ಮಾಡುವುದಿಲ್ಲ. ಮರಿ ಹೊಟ್ಟೆಯಡಿ ನುಗ್ಗುತ್ತದೆ. ಕುರಿ ಒದೆಯುವುದಿಲ್ಲ. ಮರಿಯ ಬಾಲ ಪಟಪಟನೆ ಆಡತೊಡಗುತ್ತದೆ. ಹಿಡಿಯಲು ಏನೂ ಉಳಿಯದ ಅತ್ತಿಗೆಯ ಕೈಗಳು ಸ್ವಲ್ಪ ಹೊತ್ತು ಗಾಳಿಯಲ್ಲೇ ಇರುತ್ತವೆ.

"ಪೇಪರಿಗೆ ನಿಮ್ಮ ಬಗ್ಗೆ ಬರೀತೀನಿ ಅತ್ತಿಗೆ. ಏನು ಹಾಕ್ಲಿ?"

ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಗೋಡೆಯ ಮೊಳೆಗೆ ನೇತುಹಾಕಿದ ಬಾಟಲಿ ನೋಡುತ್ತಾರೆ. ಅದರ ರಬ್ಬರಿನ ಮೇಲೆ ದೂಳು ಕೂತಿದೆ.

"ಈ ಸಲ ನೂರಾ ನಲವತ್ತೆಂಟು ಮರಿ. ಒಂದಕ್ಕೂ ಆ ಬಾಟಲಿ ತೊಳೀಲಿಲ್ಲ. ಬರೆಯೋದಾದ್ರೆ ಅದನ್ನ ಬರಿ."