ದೂರುಪೆಟ್ಟಿಗೆಯ ಮೇಡಂ
ನಮ್ಮ ಶಾಲೆಯಲ್ಲಿ ದೂರುಪೆಟ್ಟಿಗೆಯ ಒಡತಿ ಎಂದರೆ ಕನ್ನಡ ಮೇಡಂ. ಶನಿವಾರ ಕೊನೆಯ ಬೆಲ್ ಹೊಡೆದದ್ದೇ ತಡ, ಕೋಟೆ ಗೆಲ್ಲಲು ಹೊರಟ ದಂಡನಾಯಕಿಯಂತೆ ಕೀಲಿಗೊಂಚಲು ಝಳಪಿಸುತ್ತಾ ಬರುತ್ತಾರೆ. "ಯಾರೂ ಇಣುಕೋ ಹಾಗಿಲ್ಲ! ಗಣಿತದವರೇ, ನಿಮಗೇ ಹೇಳಿದ್ದು!" ಎಂದು ನನ್ನ ಮೇಲೂ ಹರಿಹಾಯುತ್ತಾರೆ. ಮಕ್ಕಳು ಚೀಟಿಯಲ್ಲಿ ಹೆಸರು ಬರೆಯಬೇಕಿಲ್ಲ. ಆದರೆ ಒತ್ತಕ್ಷರದ ಬಾಲ ನೋಡಿಯೇ ಬರೆದವರ ಜಾತಕ ಹೇಳಬಲ್ಲ ಮೇಡಂಗೆ, ಉಳಿದವರೂ ಅಕ್ಷರ ಗುರುತಿಸಿಯಾರು ಎಂಬ ಭಯ. ಅದಕ್ಕೇ ಪ್ರತಿ ಚೀಟಿಯನ್ನೂ ತಮ್ಮ ದುಂಡಕ್ಷರದಲ್ಲಿ ನಕಲು ಮಾಡಿ, ಕಾಗುಣಿತ ತಿದ್ದಿ, ಮೂಲಕ್ಕೆ ಬೀಗ ಜಡಿದ ಮೇಲೆಯೇ ಹೆಡ್‌ಮಾಸ್ಟರ ಮೇಜಿಗೆ ಒಯ್ಯುತ್ತಾರೆ. ಮೊನ್ನೆ ಹಾಗೆ ಒಯ್ದದ್ದರಲ್ಲಿ, ಶಾಲೆಯ ವ್ಯಾನ್ ಡ್ರೈವರ್ ಹುಡುಗಿಯರ ಮೈ ಮುಟ್ಟುತ್ತಾನೆ ಎಂದಿತ್ತು. ಡ್ರೈವರ್ ಹೆಡ್‌ಮಾಸ್ಟರ ಸ್ವಂತ ಬಾಮೈದ. "ಯಾವಳ್ರೀ ಅವಳು? ಯಾರದಿದು ಅಕ್ಷರ?" ಎಂದು ಅವರು ಗುಡುಗಿದರು. "ನಂದೇ ಸಾರ್," ಎಂದು ಮೇಡಂ ಕುರ್ಚಿ ಎಳೆದು ಕೂತರು. "ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದ್ದೂ ನಾನೇ. ಅವರು ಹೊರಟಿದ್ದಾರೆ. ಅಷ್ಟರಲ್ಲಿ ವ್ಯಾನ್ ಕೀಲಿ ನೀವು ಇಸ್ಕೊಳ್ತೀರೋ, ನಾನೇ ಇಸ್ಕೊಳ್ಳಲೋ?" ಅವತ್ತೇ ವ್ಯಾನಿಗೆ ಬೇರೆ ಡ್ರೈವರ್ ಬಂದ. ವ್ಯಾನು ಗೇಟು ದಾಟುವ ಮೊದಲೇ ಹುಡುಗಿಯರು ಗಂಟಲು ಹರಿಯುವಂತೆ ಹಾಡತೊಡಗಿದರು. ಹಾಗೆ ಹಾಡಿದವರಲ್ಲಿ ಆ ಚೀಟಿ ಬರೆದವಳು ಯಾರೆಂದು ನಾನು ಎಷ್ಟು ಕಾಡಿದರೂ ಮೇಡಂ ಇವತ್ತಿಗೂ ಬಾಯಿ ಬಿಟ್ಟಿಲ್ಲ.